ತಾವರೆಗೆ ಮೂಡಿದ ಬಾಲ

ಇಂಗ್ಲಿಷಿನ ಒಂದು ‘ಎಸ್’ ಅಕ್ಷರದ ಬೆಲೆ ಎಷ್ಟು ಎಂದು ಯಾರಾದರೂ ಕೇಳಿದರೆ 1,060 ಕೋಟಿ ಡಾಲರ್ ಎಂದು ಹೇಳಲು ನನಗೆ ಅಳುಕಿಲ್ಲ. 2020ರ ಮಾರ್ಚ್ ತಿಂಗಳಲ್ಲಿ ಥಾಯ್ಲೆಂಡಿನ ಚರೋಯೆನ್ ಪೋಕ್‌ಫಂಡ್ ಸಮೂಹ, ಅಂದರೆ ಅಲ್ಲಿನ ಜನ ಸಿ.ಪಿ. ಎಂದು ಕರೆಯುವ ದೈತ್ಯ ಸಂಸ್ಥೆ, ಬ್ರಿಟನ್ನಿನ ಟೆಸ್ಕೊ ಕಂಪನಿಯ ಕೈಯಲ್ಲಿದ್ದ ಥಾಯ್ಲೆಂಡ್ ಮತ್ತು ಮಲೇಷ್ಯಾದ ಸುಮಾರು 2,000 ಮಳಿಗೆಗಳನ್ನು ಆ ಮೊತ್ತಕ್ಕೆ ಕೊಳ್ಳಲು ಒಪ್ಪಿತು. ವರ್ಷ ಮುಗಿಯುವಷ್ಟರಲ್ಲಿ ವ್ಯವಹಾರವೂ ಮುಗಿಯಿತು. 2021ರ ಫೆಬ್ರುವರಿಯಲ್ಲಿ ಹೊಸ ಹೆಸರು ಹೊರಬಿತ್ತು. ಅದುವರೆಗೆ ‘ಟೆಸ್ಕೊ ಲೋಟಸ್’ ಎಂದಿದ್ದ ಜಾಗದಲ್ಲಿ ‘ಲೋಟಸ್'ಸ್’ ಎಂದು ಬರೆಯಲಾಗಿತ್ತು. ಮುಂದಿನಿಂದ ಇಂಗ್ಲಿಷಿನ ಐದು ಅಕ್ಷರಗಳು ಹೋಗಿ, ಹಿಂದಿನಿಂದ ಒಂದು ಅಪಾಸ್ಟ್ರಫಿಯೂ ಒಂದು ‘ಎಸ್’ ಕೂಡ ಬಂದು ಸೇರಿಕೊಂಡಿದ್ದವು. ಬೆಟ್ಟ ಅಗೆದು ಇಲಿ ಹಿಡಿದರು ಎಂಬ ಮಾತು ನಮ್ಮಲ್ಲಿದೆ. ಇಲ್ಲಿ ಬೆಟ್ಟ ಅಗೆದವರಿಗೆ ದಕ್ಕಿದ್ದು ಇಲಿಯ ಬಾಲ ಮಾತ್ರ.

ಥಾಯ್ ಜನ ಹೆಸರನ್ನು ನೋಡಿದರು, ಓದಲು ಬಾಯಿ ತೆರೆದರು, ತೆರೆದ ಬಾಯಿಯನ್ನು ಮುಚ್ಚುವುದು ಹೇಗೆಂದು ತಿಳಿಯದೆ ಹಾಗೆಯೇ ನಿಂತರು. ಅವರ ನಾಲಿಗೆಯ ಕಟ್ಟುಪಾಡು ಬಹಳ ಬಿಗಿಯಾದದ್ದು. ಪದದ ಕೊನೆಯಲ್ಲಿ ‘ಸ್’ ಎಂಬ ಧ್ವನಿ ನಿಲ್ಲುವುದಕ್ಕೆ ಆ ಭಾಷೆಯಲ್ಲಿ ಪರವಾನಗಿಯೇ ಇಲ್ಲ, ಬಂದ ‘ಸ್’ ಅಲ್ಲಿ ‘ತ್’ ಆಗಿ ನಾಲಿಗೆಗೆ ಅಂಟಿಕೊಂಡು ನಿಂತುಬಿಡುತ್ತದೆ. ‘ಲ್’ ಬಂದರೆ ‘ನ್’ ಆಗುತ್ತದೆ, ಹಾಗಾಗಿ ಅವರ ಫುಟ್‌ಬಾಲ್ ‘ಫುಟ್‌ಬೋನ್’. ಲೋಟಸ್ ಎಂಬ ಅಂಗಡಿಯನ್ನು ಸಿ.ಪಿ. ಸಮೂಹವೇ 1994ರಲ್ಲಿ ಬ್ಯಾಂಕಾಕಿನ ಶ್ರೀನಗರಿಂದ್ರ ರಸ್ತೆಯ ಸೀಕಾನ್ ಸ್ಕ್ವೇರಿನಲ್ಲಿ ತೆರೆದ ದಿನದಿಂದ ಅದು ಜನರ ಪಾಲಿಗೆ ‘ಲೋತತ್’. 1997ರ ಆರ್ಥಿಕ ಕುಸಿತದಲ್ಲಿ ಕೈ ಸೋತ ಸಮೂಹ ಮರುವರ್ಷ ಅದನ್ನು ಟೆಸ್ಕೊಗೆ ಮಾರಿತು, ಫಲಕದ ಮೇಲೆ ಎರಡು ಹೆಸರು ಬಂದವು, ಜನ ‘ಲೋತತ್’ ಎನ್ನುವುದನ್ನು ಬಿಡಲಿಲ್ಲ. ಇಪ್ಪತ್ತೆರಡು ವರ್ಷ ಇದ್ದು ಹೋದ ಟೆಸ್ಕೊ ಹೆಸರಿಗಾಗಿ ಯಾರೂ ಕಣ್ಣೀರು ಹಾಕಿದಂತಿಲ್ಲ. ಆದರೆ ಹೊಸದಾಗಿ ಬಂದ ಈ ಒಂದಕ್ಷರದ ಅತಿಥಿಯನ್ನು ಎಲ್ಲಿ ಕೂರಿಸುವುದು? ‘ಲೋತತ್‌ಸೇತ್’ ಎನ್ನಬೇಕೆ? ಹಲ್ಲಿನ ಸಂದಿಯಿಂದ ಗಾಳಿ ಬಿಟ್ಟು, ಟ್ಯೂಬು ತೂತಾದ ಸೈಕಲ್ಲಿನಂತೆ ‘ಸ್ಸ್ಸ್’ ಎನ್ನಬೇಕೆ? ಸಾಮಾಜಿಕ ಜಾಲತಾಣಗಳಲ್ಲಿ ದೇಶವೇ ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನಕ್ಕಿತು. ಸಾಂಕ್ರಾಮಿಕದ ಕಾಲವಾದ್ದರಿಂದ ಬಾಯಿಗೆ ಮಾಸ್ಕ್ ಇತ್ತು, ಯಾರು ಎಷ್ಟು ‘ಎಸ್’ ನುಂಗಿದರೆಂಬುದು ಹೊರಗೆ ಕಾಣಲಿಲ್ಲ ಎಂಬುದೊಂದೇ ಸಮಾಧಾನ.

ನಮ್ಮ ನಾಲಿಗೆಯ ಗುಣ ಇದಕ್ಕೆ ತದ್ವಿರುದ್ಧ. ಪದ ವ್ಯಂಜನದಲ್ಲಿ ನಿಂತರೆ ಕನ್ನಡಿಗನಿಗೆ ಮುಗ್ಗರಿಸಿದ ಹಾಗಾಗುತ್ತದೆ. ಬಸ್ಸು, ಕಾರು, ಗ್ಲಾಸು ಎಂದು ಪ್ರತಿಯೊಂದಕ್ಕೂ ಒಂದು ‘ಉ’ಕಾರದ ಮೆಟ್ಟು ತೊಡಿಸಿಯೇ ಅವನು ಪದವನ್ನು ಹೊರಗೆ ಕಳಿಸುವುದು. ಈ ಅಂಗಡಿ ನಮ್ಮಲ್ಲಿದ್ದಿದ್ದರೆ ಮೊದಲನೆಯ ದಿನವೇ ‘ಲೋಟಸಸ್ಸು’ ಎಂದಾಗಿ, ವಾರ ಕಳೆಯುವಷ್ಟರಲ್ಲಿ ‘ಲೋಟಸಸ್ಸಿಗೆ ಹೋಗಿ ಬೇಳೆ ತಾ’ ಎಂಬಲ್ಲಿಗೆ ಸಲೀಸಾಗಿ ಬಂದು ನಿಲ್ಲುತ್ತಿತ್ತು. ಅಲ್ಲಿನವರು ಬಾಲವನ್ನು ನುಂಗುತ್ತಾರೆ, ನಾವು ಬಾಲಕ್ಕೆ ಇನ್ನೊಂದು ಬಾಲ ಕಟ್ಟುತ್ತೇವೆ.

ಈ ನುಂಗುವ ಕಲೆಯ ರುಚಿಯನ್ನು ನಾನು ಬ್ಯಾಂಕಾಕಿನಲ್ಲಿ ಒಮ್ಮೆ ಉಂಡಿದ್ದೇನೆ. ಟ್ಯಾಕ್ಸಿ ಚಾಲಕನಿಗೆ ವಿಮಾನ ನಿಲ್ದಾಣದ ಹೆಸರನ್ನು, ಇದಾದರೂ ನಮ್ಮ ಪದವೇ ತಾನೇ ಎಂಬ ಧೈರ್ಯದಿಂದ, ‘ಸು-ವ-ರ್ಣ-ಭೂ-ಮಿ’ ಎಂದು ಪುರೋಹಿತರು ಸಂಕಲ್ಪ ಹೇಳಿಸುವಷ್ಟು ಸ್ಪಷ್ಟವಾಗಿ ಹೇಳಿದೆ. ಆತ ಕನ್ನಡಿಯಲ್ಲಿ ನನ್ನನ್ನು ಕರುಣೆಯಿಂದ ನೋಡಿದ. ಮೂರನೆಯ ಸಲ ಹೇಳಿದಾಗ ಅವನ ಮುಖ ಅರಳಿತು. ‘ಓ, ಸುವನ್ನಫೂಮ್’ ಎಂದು ನನ್ನ ತಪ್ಪನ್ನು ತಿದ್ದಿ ಗಾಡಿ ಹೊರಡಿಸಿದ. ಬರೆಯುವಾಗ ಥಾಯ್ ಜನ ‘ರ್ಣ’ವನ್ನೂ ‘ಭೂಮಿ’ಯ ಕೊನೆಯ ಇಕಾರವನ್ನೂ ಚಾಚೂ ತಪ್ಪದೆ ಬರೆಯುತ್ತಾರೆ. ಆಡುವಾಗ ಮಾತ್ರ ಅವುಗಳ ಗೊಡವೆಗೆ ಹೋಗುವುದಿಲ್ಲ. ಸಂಸ್ಕೃತ ಮತ್ತು ಪಾಳಿಯಿಂದ ಬಂದ ಸಾವಿರಾರು ಪದಗಳ ಕೊನೆಯ ಅಕ್ಷರಗಳನ್ನು ಅವರು ಮನೆಯ ಹಿರಿಯರಂತೆ ಗೌರವದಿಂದ ಕೂರಿಸಿರುತ್ತಾರೆ, ಮಾತಾಡಲು ಬಿಡುವುದಿಲ್ಲ. ಹೀಗೆ ಬಾಯಿ ಮುಚ್ಚಿಸಬೇಕಾದ ಅಕ್ಷರದ ತಲೆಯ ಮೇಲೆ ಇಡುವುದಕ್ಕೆಂದೇ ಅವರಲ್ಲಿ ಒಂದು ಪುಟ್ಟ ಗುರುತಿದೆ. ಅದನ್ನು ಅವರು ಉಚ್ಚರಿಸುವುದು ‘ತಂತಖಾತ್’ ಎಂದು. ಬರೆಯುವುದನ್ನು ಅಕ್ಷರಕ್ಕೆ ಅಕ್ಷರ ಓದಿದರೆ ಅದು ‘ದಂಡಘಾತ’. ದೊಣ್ಣೆಯ ಏಟು! ತಲೆಗೆ ಏಟು ಬಿದ್ದ ಅಕ್ಷರ ಮತ್ತೆ ಸೊಲ್ಲೆತ್ತುವುದಿಲ್ಲ. ವ್ಯಾಕರಣದ ಪರಿಭಾಷೆಯಲ್ಲಿ ಇಷ್ಟು ಪ್ರಾಮಾಣಿಕವಾದ ಹೆಸರನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಇನ್ನೂ ಸೊಗಸಾದ ಸಂಗತಿಯೆಂದರೆ ‘ಪೋಕ್‌ಫಂಡ್’ ಎಂಬುದರ ಮೂಲ ನಮ್ಮ ‘ಭೋಗಭಾಂಡ’, ಅಂದರೆ ಬಳಕೆಯ ಸರಕು. ಥಾಯ್ ಲಿಪಿಯಲ್ಲಿ ಆ ಹೆಸರಿನ ಕೊನೆಯ ‘ಡ’ ಅಕ್ಷರದ ತಲೆಯ ಮೇಲೆ ದಂಡಘಾತ ಕೂತಿದೆ. 1921ರಲ್ಲಿ ಬ್ಯಾಂಕಾಕಿನ ಚೀನೀ ಪೇಟೆಯಲ್ಲಿ ಬೀಜದ ಅಂಗಡಿಯಾಗಿ ಶುರುವಾಗಿ ಕೋಳಿ, ಮೇವು, ಸಿಗಡಿ, ದೂರವಾಣಿ ಎಂದು ಹಬ್ಬಿದ ಸಂಸ್ಥೆ ತನ್ನ ಹೆಸರಿನ ಕೊನೆಯ ಅಕ್ಷರಕ್ಕೆ ದೊಣ್ಣೆ ಬೀಸಿ ಸುಮ್ಮನಾಗಿಸಿಕೊಂಡಿದೆ, ತಾನು ಕೊಂಡ ಅಂಗಡಿಯ ಹೆಸರಿಗೆ ಮಾತ್ರ ಯಾರೂ ಹೇಳಲಾಗದ ಅಕ್ಷರವೊಂದನ್ನು ಹುಡುಕಿ ತಂದು ಅಂಟಿಸಿದೆ.

ಈ ‘ಎಸ್’ ಯಾಕೆ ಎಂದು ಕೇಳಿದವರಿಗೆ ಉತ್ತರವೂ ಸಿದ್ಧವಾಗಿತ್ತು. ಅದು ‘ಸ್ಮಾರ್ಟ್’ ಎಂಬುದರ ಸಂಕೇತವಂತೆ. ಥಾಯ್ ಬಾಯಲ್ಲಿ ಅದೂ ನೆಟ್ಟಗೆ ನಿಲ್ಲದೆ ‘ಸಮಾತ್’ ಆಗುತ್ತದೆಂಬುದು ಸಭೆಯಲ್ಲಿ ಕೂತಿದ್ದ ಯಾರಿಗೂ ಹೊಳೆಯಲಿಲ್ಲವೋ, ಹೊಳೆದರೂ ಹೇಳಲು ಧೈರ್ಯ ಬರಲಿಲ್ಲವೋ. ಹೆಸರಿಡುವ ತಜ್ಞರ ಸಭೆಗಳಲ್ಲಿ ದಂಡಘಾತ ಬೀಳುವುದು ಅಕ್ಷರಗಳಿಗಿಂತ ಹೆಚ್ಚಾಗಿ ನೌಕರರ ತಲೆಯ ಮೇಲೆ ಎಂದು ನನ್ನ ಅನುಮಾನ.

ಉಚ್ಚಾರಣೆಯ ಮಾತು ಸಾಕು. ನನ್ನ ತಕರಾರು ವ್ಯಾಕರಣದ್ದು. ಹೆಸರನ್ನು ಕನ್ನಡಕ್ಕೆ ತಂದರೆ ‘ತಾವರೆಯ’ ಎಂದಾಗುತ್ತದೆ (ಕಮಲ ಎಂದರೆ ನಮ್ಮಲ್ಲಿ ಕೂಡಲೇ ಚುನಾವಣೆ ನೆನಪಾಗುವುದರಿಂದ ತಾವರೆಯೇ ಇರಲಿ). ತಾವರೆಯ ಏನು? ಎಲೆಯೇ, ದಂಟೇ, ಕೆಸರೇ? ಷಷ್ಠೀ ವಿಭಕ್ತಿ ಹಚ್ಚಿದ ಮೇಲೆ ಮುಂದೆ ಒಂದು ನಾಮಪದ ಬರಲೇಬೇಕೆಂದು ನಾಲ್ಕನೆಯ ತರಗತಿಯ ಹುಡುಗನೂ ಬಲ್ಲ. ಇಲ್ಲಿ ಪ್ರತ್ಯಯ ಬಂದಿದೆ, ನಾಮಪದ ನಾಪತ್ತೆಯಾಗಿದೆ. ಇಂಗ್ಲಿಷಿನಲ್ಲಿ ಅಂಗಡಿಗಳಿಗೆ ಹೀಗೆ ಹೆಸರಿಡುವ ಪದ್ಧತಿ ಇದೆಯಲ್ಲ ಎನ್ನಬಹುದು. ಇದೆ, ಆದರೆ ಮ್ಯಾಕ್‌ಡೊನಾಲ್ಡ್ ಎಂಬ ಅಣ್ಣತಮ್ಮಂದಿರಿದ್ದರು, ಸೇನ್ಸ್‌ಬರಿ ಎಂಬ ಮನುಷ್ಯನಿದ್ದ, ಅಂಗಡಿ ಅವರದಾಗಿತ್ತು. ತಾವರೆ ಯಾವತ್ತು ಗಲ್ಲಾಪೆಟ್ಟಿಗೆಯ ಮುಂದೆ ಕೂತಿತ್ತು? ಇನ್ನು ಆ ಅಂಗಡಿಯ ವಾಹನ ನಿಲ್ದಾಣದ ಬಗ್ಗೆ ಇಂಗ್ಲಿಷಿನಲ್ಲಿ ಬರೆಯಬೇಕಾಗಿ ಬಂದರೆ ‘ಎಸ್’ನ ಮೇಲೆ ಇನ್ನೊಂದು ‘ಎಸ್’ ಹೇರಬೇಕಾಗುತ್ತದೆ. ಹಾವಾಡಿಗನ ಬುಟ್ಟಿ ತೆರೆದರೂ ಅಷ್ಟು ಬುಸುಗುಟ್ಟುವುದು ಕೇಳಿಸಲಿಕ್ಕಿಲ್ಲ.

ಥಾಯ್ ಭಾಷೆಯಲ್ಲೇ ಹೆಸರಿಟ್ಟಿದ್ದರೆ ಏನಾಗುತ್ತಿತ್ತು? ಆ ನಾಡಿಗೆ ತಾವರೆಯ ಬರವೇನೂ ಇಲ್ಲ. ‘ಬುವ’ ಎಂಬ ಮನೆಮಾತಿದೆ. ಬ್ಯಾಂಕಾಕಿನ ಉತ್ತರಕ್ಕೆ ಹೊಂದಿಕೊಂಡ ಪ್ರಾಂತಕ್ಕೆ ಪದ್ಮದಿಂದ ಬಂದ ‘ಪಥುಮ್ ಥಾನಿ’ ಎಂಬ ಹೆಸರಿದೆ. ಪೂರ್ವದಲ್ಲಿ ನಮ್ಮ ಉತ್ಪಲವೇ ‘ಉಬೋನ್’ ಆಗಿ ‘ಉಬೋನ್ ರಾತ್ಚಥಾನಿ’ ಎಂಬ ರಾಜಧಾನಿ ಕಟ್ಟಿಕೊಂಡಿದೆ. ಕಮಲವೂ ‘ಕಮೋನ್’ ಆಗಿ ಜನರ ಹೆಸರುಗಳಲ್ಲಿ ಬಾಳುತ್ತಿದೆ. ‘ಎಸ್’ಗೆ ಸಮನಾದ ಷಷ್ಠಿಯೂ ಅವರಲ್ಲಿದೆ, ‘ಖೋಂಗ್’ ಎಂಬ ಪದ. ಇದೇ ಪದಕ್ಕೆ ಸಾಮಾನು, ಸರಕು ಎಂಬ ಅರ್ಥವೂ ಉಂಟು. ಸಾಮಾನು ಕೊಳ್ಳುವುದಕ್ಕೆ ಅವರು ಹೇಳುವುದೇ ‘ಸ್ಯೂ ಖೋಂಗ್’ ಎಂದು. ಹಾಗಾಗಿ ‘ಖೋಂಗ್ ಲೋತತ್’ ಎಂದು ಬರೆದಿದ್ದರೆ ಲೋಟಸ್ಸಿನದು ಎಂಬ ಅರ್ಥವೂ ಬರುತ್ತಿತ್ತು, ಲೋಟಸ್ಸಿನ ಸಾಮಾನು ಎಂಬ ಅರ್ಥವೂ ಬರುತ್ತಿತ್ತು, ನಾಪತ್ತೆಯಾದ ನಾಮಪದವೂ ಸಿಕ್ಕಿಬಿಡುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ, ಇನ್ನೇನು ಹೇಳುವುದು.

ಕದ್ದು ತಂದ ಮಾಲಾದರೂ ಹೊಸದೇ ಎಂದು ನೋಡಿದರೆ, ಅದೂ ಅಲ್ಲ. ಅಪಾಸ್ಟ್ರಫಿಯ ತವರಿನಲ್ಲಿಯೇ ಅದನ್ನು ಮನೆಯಿಂದ ಹೊರಗೆ ಹಾಕುತ್ತಿದ್ದಾರೆ. ಬ್ರಿಟನ್ನಿನ ವಾಟರ್‌ಸ್ಟೋನ್ಸ್ ಪುಸ್ತಕದಂಗಡಿ 2012ರಲ್ಲಿ ತನ್ನ ಅಪಾಸ್ಟ್ರಫಿಯನ್ನು ಕಿತ್ತೆಸೆದಾಗ ಅಲ್ಲಿಯೂ ಗುಲ್ಲಾಗಿತ್ತು. ಆ ಚಿಹ್ನೆಯ ರಕ್ಷಣೆಗೆಂದೇ ಜಾನ್ ರಿಚರ್ಡ್ಸ್ ಎಂಬ ನಿವೃತ್ತ ಪತ್ರಕರ್ತರು 2001ರಲ್ಲಿ ಒಂದು ಸಂಘ ಕಟ್ಟಿದ್ದರು. ತೊಂಬತ್ತಾರರ ವಯಸ್ಸಿನಲ್ಲಿ, 2019ರ ಕೊನೆಗೆ, ಇನ್ನು ಸಾಧ್ಯವಿಲ್ಲವೆಂದು ಅದನ್ನು ಮುಚ್ಚುವುದಾಗಿ ಹೇಳಿದರು. ಅದಾಗಿ ಒಂದೂಕಾಲು ವರ್ಷಕ್ಕೆ ಅಪಾಸ್ಟ್ರಫಿಗೆ ಬ್ಯಾಂಕಾಕಿನಲ್ಲಿ ಕೆಲಸ ಸಿಕ್ಕಿತು, ಅದೂ ಪದಗಳ ನಡುವೆ ಜಾಗವನ್ನೇ ಬಿಡದೆ ಬರೆಯುವ ಲಿಪಿಯ ನಾಡಿನಲ್ಲಿ. ಇನ್ನೊಂದು ತಮಾಷೆಯಿದೆ. ಟೆಸ್ಕೊ ಎಂಬ ಹೆಸರಿನ ತುದಿಯಲ್ಲಿ ‘ಎಸ್’ ಇಲ್ಲ, ಆದರೂ ಬ್ರಿಟನ್ನಿನ ಜನ ಬಾಯಿಮಾತಿನಲ್ಲಿ ಒಂದನ್ನು ಸೇರಿಸಿ ‘ಟೆಸ್ಕೋಸ್’ ಎನ್ನುತ್ತಾರೆ. ಬರೆಯದ ‘ಎಸ್’ ಅನ್ನು ಅಲ್ಲಿ ಆಡುತ್ತಾರೆ, ಬರೆದ ‘ಎಸ್’ ಅನ್ನು ಇಲ್ಲಿ ಆಡುವುದಿಲ್ಲ. ಟೆಸ್ಕೊ ಊರಿಗೆ ಮರಳುವ ಅವಸರದಲ್ಲಿ ತನ್ನ ಬಾಲವನ್ನು ಬ್ಯಾಂಕಾಕಿನಲ್ಲಿ ಮರೆತುಹೋಯಿತೇ ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ.

ಚಿಹ್ನೆಗಳ ವಿಷಯದಲ್ಲಿ ಆ ಊರಿನ ಗ್ರಹಗತಿಯೇ ಸರಿಯಿರಲಿಲ್ಲವೇನೋ. ಸರಿಯಾಗಿ ಒಂದು ವರ್ಷ ಕಳೆದು, 2022ರ ಫೆಬ್ರುವರಿಯಲ್ಲಿ, ಬ್ಯಾಂಕಾಕಿನ ಹೆಸರೇ ಬದಲಾಗಿ ‘ಕ್ರುಂಗ್ ಥೇಪ್ ಮಹಾ ನಖೋನ್’ ಆಯಿತೆಂದು ಜಗತ್ತಿನ ಪತ್ರಿಕೆಗಳು ಬರೆದವು, ಜನ ಮತ್ತೊಮ್ಮೆ ಹೌಹಾರಿದರು. ವಿಚಾರಿಸಿದರೆ, ಆ ಹೆಸರಿಗೂ ಬ್ಯಾಂಕಾಕ್ ಎಂಬುದಕ್ಕೂ ನಡುವೆ ಸರ್ಕಾರಿ ಬರವಣಿಗೆಯಲ್ಲಿದ್ದ ಒಂದು ಸೆಮಿಕೋಲನ್ ಹೋಗಿ ಆವರಣ ಚಿಹ್ನೆ ಬಂದಿತ್ತು, ಅಷ್ಟೆ.

ನಗುವಿನ ಈ ಗದ್ದಲದಲ್ಲಿ ಒಂದು ಸಂಗತಿ ಮೆಲ್ಲನೆ ದಾಟಿಹೋಯಿತು. ಥಾಯ್ಲೆಂಡಿನಲ್ಲಿ ಆ ಹೊತ್ತಿಗೆ 12,000ಕ್ಕೂ ಹೆಚ್ಚು ಸೆವೆನ್ ಇಲೆವೆನ್ ಅಂಗಡಿಗಳಿದ್ದವು, ಅವನ್ನು ನಡೆಸುವುದು ಸಿ.ಪಿ. ಸಮೂಹ. ಸಗಟು ವ್ಯಾಪಾರದ ಮ್ಯಾಕ್ರೊ ಕಂಪನಿ 2013ರಲ್ಲಿಯೇ ಅದರ ಕೈಗೆ ಬಂದಿತ್ತು. ಈಗ ಲೋಟಸ್ ಕೂಡ ಸೇರಿದರೆ ಏಕಸ್ವಾಮ್ಯವಾಗುವುದಿಲ್ಲವೇ ಎಂಬ ಪ್ರಶ್ನೆ ಅಲ್ಲಿನ ವ್ಯಾಪಾರ ಸ್ಪರ್ಧಾ ಆಯೋಗದ ಮುಂದೆ ಬಂದಿತು. ಮಾರುಕಟ್ಟೆಯ ಮೇಲಿನ ಹಿಡಿತ ಹೆಚ್ಚುತ್ತದೆ, ಆದರೆ ಏಕಸ್ವಾಮ್ಯವಾಗುವುದಿಲ್ಲ ಎಂದು 2020ರ ನವೆಂಬರಿನಲ್ಲಿ ಆಯೋಗ 4–3ರ ಬಹುಮತದಿಂದ ಅಪ್ಪಣೆ ಕೊಟ್ಟಿತು. ನೀರು ಕುತ್ತಿಗೆಯವರೆಗೆ ಬರುತ್ತದೆ, ಮುಳುಗುವುದಿಲ್ಲ ಎಂದಂತೆ. ಗ್ರಾಹಕ ಸಂಘಟನೆಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದವು. ಕೋಳಿಯನ್ನು ಕೇಳಿ ಮಸಾಲೆ ಅರೆಯುವುದಿಲ್ಲ ಎಂಬ ನಮ್ಮ ಗಾದೆ, ಜಗತ್ತಿನ ದೊಡ್ಡ ಕೋಳಿ ವ್ಯಾಪಾರಿಗಳಲ್ಲಿ ಒಂದಾದ ಸಂಸ್ಥೆಯ ವಿಷಯದಲ್ಲಿ ಇಷ್ಟು ಅಚ್ಚುಕಟ್ಟಾಗಿ ಕೂರುತ್ತದೆಂದು ನಾನೂ ಎಣಿಸಿರಲಿಲ್ಲ. ಏಳು ಜನರಲ್ಲಿ ಮೂವರು ಬೇಡವೆಂದ ಈ ವ್ಯವಹಾರದ ಚರ್ಚೆ, ಒಂದು ‘ಎಸ್’ ಅನ್ನು ಹೇಗೆ ಓದುವುದೆಂಬ ಚರ್ಚೆಯ ಕಾಲುಭಾಗದಷ್ಟು ಮನೆಗಳಿಗಾದರೂ ತಲುಪಿತೇ ಎಂಬುದು ನನ್ನ ಶಂಕೆ. ಸಮೂಹದ ಇಂಗ್ಲಿಷಿನ ಚಪಲ ಮಾತ್ರ ತೀರಿದಂತಿಲ್ಲ. 2023ರಲ್ಲಿ ಆ ಸಗಟು ಕಂಪನಿಯ ಹೆಸರು ‘ಸಿ.ಪಿ. ಆಕ್ಸ್‌ಟ್ರಾ’ ಎಂದಾಯಿತು. ‘ಎಕ್ಸ್‌ಟ್ರಾ’ ಅಲ್ಲ, ‘ಆಕ್ಸ್‌ಟ್ರಾ’.

ಒಂದು ಸಂಜೆ ಆ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಸುಮಾರು ಅರವತ್ತರ ಒಬ್ಬ ಹೆಂಗಸು ನಿಂತಿದ್ದರು. 2020ರ ಜನವರಿಯಿಂದ ಅಲ್ಲಿನ ದೊಡ್ಡ ಅಂಗಡಿಗಳು ಪ್ಲಾಸ್ಟಿಕ್ ಚೀಲ ಕೊಡುವುದನ್ನು ನಿಲ್ಲಿಸಿರುವುದರಿಂದ ಎಲ್ಲರೂ ಮನೆಯಿಂದ ಚೀಲ ತರುತ್ತಾರೆ. ಅವರು ನಾಲ್ಕು ಮಡಿಕೆಯ ಚೀಲವೊಂದನ್ನು ಕೊಡವಿ ಬಿಡಿಸಿದರು. ಅದರ ಮೇಲೆ ಒಗೆದು ಒಗೆದು ಮಾಸಿದ ಅಕ್ಷರಗಳಲ್ಲಿ ‘ಟೆಸ್ಕೊ ಲೋಟಸ್’ ಎಂದಿತ್ತು. ಕೌಂಟರಿನ ಹುಡುಗಿ ಒಂದೊಂದಾಗಿ ಸಾಮಾನು ದಾಟಿಸಿದಳು. ಮೊಟ್ಟೆಯ ಪೊಟ್ಟಣ ಸಿ.ಪಿ.ಯದು, ಕೋಳಿಮಾಂಸ ಸಿ.ಪಿ.ಯದು, ಬಿಸಿ ಮಾಡಿ ತಿನ್ನುವ ಅನ್ನದ ಡಬ್ಬಿಯೂ ಸಿ.ಪಿ.ಯದು. ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಎಲ್ಲಿದ್ದೀಯೆಂದು ಮನೆಯವರು ಕೇಳಿರಬೇಕು. ಭುಜ ಕಿವಿಗಳ ನಡುವೆ ಫೋನನ್ನು ಒತ್ತಿಹಿಡಿದು, ಎರಡೂ ಕೈಗಳಿಂದ ಚೀಲ ತುಂಬುತ್ತಲೇ ಅವರು ‘ಯೂ ಲೋತತ್’ ಎಂದರು. ಹುಡುಗಿ ಬಿಲ್ಲನ್ನು ಚೀಲದೊಳಗೆ ಹಾಕಿದಳು.