ಎಂಟು ಸ್ಕ್ರೂ ಬಿಚ್ಚಿದ ಮೇಲೆ

ಅಗ್ಗದ 2.1 ಸ್ಪೀಕರ್ ಸೆಟ್ಟಿನ ಸಬ್‌ವೂಫರ್ ಡಬ್ಬದ ಬೆನ್ನಿಗೆ ಕಣ್ಣಿಗೆ ಕಾಣುವ ಸ್ಕ್ರೂ ಎಂಟು. ರಿಪೇರಿಗೆಂದು ಎಂಟನ್ನೂ ಬಿಚ್ಚಿ ತಟ್ಟೆಗೆ ಹಾಕಿದರೂ ತಗಡು ಮಿಸುಕುವುದಿಲ್ಲ. ಒಂಬತ್ತನೆಯದು ವಾರಂಟಿ ಸ್ಟಿಕರಿನ ಅಡಿಯಲ್ಲಿ ಅಡಗಿ ಕೂತಿರುತ್ತದೆ. ವಾರಂಟಿ ಮುಗಿದು ವರ್ಷಗಳೇ ಆಗಿದ್ದರೂ ಅದನ್ನು ಹರಿಯಲು ಕೈ ಹಿಂಜರಿಯುತ್ತದೆ, ಅದು ಬೇರೆ ಮಾತು.

ತಗಡು ಸಡಿಲವಾಯಿತೆಂದು ಜೋರಾಗಿ ಎಳೆದಿರೋ, ವೂಫರಿನ ವೈರು ಕಿತ್ತು ಕೈಗೆ ಬಂತು. ಗೇಣುದ್ದವೂ ಇಲ್ಲದ ವೈರು, ಕನೆಕ್ಟರ್ ಇಲ್ಲ, ನೇರ ಬೋರ್ಡಿಗೇ ಬೆಸುಗೆ. ಆದ್ದರಿಂದ ನಾಲ್ಕು ಬೆರಳು ಸಂದು ಬಿಟ್ಟೊಡನೆ ನಿಲ್ಲಿಸಿ, ಫೋಟೊ ತೆಗೆದುಕೊಳ್ಳಿ. ಪ್ಲಸ್, ಮೈನಸ್ ಎರಡಕ್ಕೂ ಕಪ್ಪು ವೈರನ್ನೇ ಹಾಕಿದ ಮಹಾನುಭಾವರೂ ಇದ್ದಾರೆ.

ದೂರು ಸಾಮಾನ್ಯವಾಗಿ ಒಂದೇ: 'ಗುಂಯ್' ಅನ್ನುತ್ತದೆ. ವಾಲ್ಯೂಮ್ ಸೊನ್ನೆಗಿಳಿಸಿದರೂ ಗುಂಯ್‌ಗುಟ್ಟಿದರೆ, ಸಪ್ಲೈಯ ಏರಿಳಿತ ಸಮ ಮಾಡುವ ಫಿಲ್ಟರ್ ಕೆಪಾಸಿಟರ್ ಮೇಲೆ ಮೊದಲ ಅನುಮಾನ. ವಾಲ್ಯೂಮ್ ಜೊತೆ ಏರಿಳಿದರೆ ಇನ್‌ಪುಟ್ ವೈರಿನ ಗ್ರೌಂಡ್ ನೋಡಿ, ಕೆಪಾಸಿಟರ್ ಪಾಪದ್ದು.

ಕೆಪಾಸಿಟರ್ ಒಳಗೇ ಒಣಗಿ ಕೆಡುವುದಕ್ಕೂ ಕಾರಣ ಇದೆ. ಡಬ್ಬದೊಳಗೆ ಮಗು ಮಲಗಿಸುವಷ್ಟು ಜಾಗ ಖಾಲಿ ಬಿದ್ದಿದ್ದರೂ 2200 ಮೈಕ್ರೊಫ್ಯಾರಡ್, 25 ವೋಲ್ಟಿನ ಎರಡು ಕೆಪಾಸಿಟರ್‌ಗಳನ್ನು ಬಿಸಿ ಹೀರುವ ಲೋಹದ ಹೀಟ್‌ಸಿಂಕಿಗೆ ತಾಗಿಸಿಯೇ ನಿಲ್ಲಿಸಿರುತ್ತಾರೆ. ಅದೂ 85 ಡಿಗ್ರಿ ಬಿಸಿಯವರೆಗಷ್ಟೇ ತಡೆಯುವವು. ಹತ್ತು ಡಿಗ್ರಿ ಬಿಸಿ ಏರಿದರೆ ಇವುಗಳ ಆಯುಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. 105 ಡಿಗ್ರಿಯವನ್ನೇ ಕೇಳಿ ತನ್ನಿ. ಹಳೆಯದನ್ನು ಮುಟ್ಟುವ ಮೊದಲು ಪ್ಲಗ್ ಕಿತ್ತು, 100 ಓಮ್ 5 ವ್ಯಾಟ್ ರೆಸಿಸ್ಟರಿನಿಂದ ಚಾರ್ಜ್ ಇಳಿಸಿ. ಬುಡದ ಹಳದಿ ಗೋಂದು ಕಂದು ಬಣ್ಣಕ್ಕೆ ತಿರುಗಿದ್ದರೆ ಕೆರೆದು ತೆಗೆಯಿರಿ, ಹಳತಾದ ಗೋಂದಿನಲ್ಲಿ ಕರೆಂಟು ಸೋರುತ್ತದೆ.

'4700 ಹಾಕಿಬಿಡೋಣ' ಎಂಬ ಆಸೆ ಹುಟ್ಟುವುದು ಇಲ್ಲೇ. ಅದು ದಪ್ಪ, ಬೋರ್ಡಿನ ಮೇಲೆ ಜಾಗ ಸಾಲದು. ಹೇಗೋ ತುರುಕಿದರೆ ಪ್ರತಿ ಸಲ ಸ್ವಿಚ್ ಹಾಕಿದಾಗಲೂ ಎಸಿಯನ್ನು ಡಿಸಿ ಮಾಡುವ 1 ಆಂಪಿಯರಿನ 1ಎನ್4007 ಡಯೋಡುಗಳಿಗೆ ಹೆಚ್ಚಿನ ಹೊಡೆತ. ಅವನ್ನು ತೆಗೆದು 3 ಆಂಪಿಯರಿನ 1ಎನ್5408 ಹಾಕೋಣವೆಂದರೆ ಕಾಲು ದಪ್ಪ, ಬೋರ್ಡಿನ ತೂತಿಗೆ ಇಳಿಯುವುದಿಲ್ಲ. ತೂತು ಕೊರೆದರೆ ತಾಮ್ರದ ಪಟ್ಟಿ ಎದ್ದು ಬರುತ್ತದೆ. 2200ಕ್ಕೇ ತೃಪ್ತಿಪಡಿ.

ಸದ್ದು ದೊಡ್ಡದು ಮಾಡುವ ಚಿಪ್ಪು, ಅಂದರೆ ಐಸಿ, ಸುಟ್ಟಿದ್ದರೆ ಕಥೆ ಬೇರೆ. ಟಿಡಿಎ2030 ಎಂಬ ಐಸಿಯ ಮಿತಿ ಪ್ಲಸ್-ಮೈನಸ್ 18 ವೋಲ್ಟ್. ಒಳಗಿರುವ 12-0-12 ಟ್ರಾನ್ಸ್‌ಫಾರ್ಮರ್ ಡಯೋಡ್ ದಾಟಿ ಕೊಡುವುದು ಸುಮಾರು 16. ರಾತ್ರಿ ಲೈನು 250 ವೋಲ್ಟಿಗೇರಿ, ಲೋಡು ಇಲ್ಲದಿದ್ದರೆ 18 ದಾಟಿದರೂ ದಾಟಿತು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ '2030ಎ' ಎಂದು ಆ 'ಎ'ಯನ್ನು ಒತ್ತಿ ಹೇಳಿ, ಅದು 22 ತಡೆಯುತ್ತದೆ. ಐಸಿಯ ಬೆನ್ನಿನ ಲೋಹ ಮೂರನೇ ಪಿನ್ನಿಗೆ, ಅಂದರೆ ಮೈನಸ್ ಸಪ್ಲೈಗೆ, ಜೋಡಿಸಿದ್ದು. ಅದಕ್ಕೂ ಹೀಟ್‌ಸಿಂಕಿಗೂ ನಡುವೆ ಕರೆಂಟು ತಡೆಯುವ ಮೈಕಾ ಹಾಳೆ ಹರಿದಿದ್ದು, ಹೀಟ್‌ಸಿಂಕ್ ತಗಡಿಗೆ ತಾಗಿ ಗ್ರೌಂಡಾಗಿದ್ದರೆ ಹೊಸ ಐಸಿಗೂ ಅದೇ ಗತಿ. ಐಸಿಯ ಬೆನ್ನಿಗೂ ಹೀಟ್‌ಸಿಂಕಿಗೂ ಮಲ್ಟಿಮೀಟರ್ ಇಟ್ಟರೆ ಬೀಪ್ ಬರಬಾರದು.

ಮೊದಲ ಸಲ ಕರೆಂಟು ಕೊಡುವಾಗ 60 ವ್ಯಾಟಿನ ಹಳೇ ಕಾಲದ ಬಲ್ಬನ್ನು ಸೀರೀಸಿನಲ್ಲಿ, ಅಂದರೆ ಕರೆಂಟು ಬರುವ ವೈರಿನ ನಡುವೆಯೇ, ಹಾಕಿ. ಒಮ್ಮೆ ಮಿಂಚಿ ಮಂಕಾದರೆ ಕ್ಷೇಮ. ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು.

ಮುಚ್ಚುವಾಗ ಎಂಡಿಎಫ್ ಹಲಗೆಯ ತೂತು ಸವೆದು ಸ್ಕ್ರೂ ಗಿರಗಿರನೆ ತಿರುಗುತ್ತದೆ. ಬೆಂಕಿಕಡ್ಡಿಯ ತುಂಡಿಗೆ ಫೆವಿಕಾಲ್ ಸವರಿ ತೂತಿಗೆ ತುರುಕಿ, ಒಣಗಿದ ಮೇಲೆ ಬಿಗಿಮಾಡಿ. ತಗಡಿನ ಅಂಚಿನ ಫೋಮ್ ಪುಡಿಯಾಗಿದ್ದರೆ ಬಾಗಿಲ ಸಂದಿಗೆ ಅಂಟಿಸುವ ಟೇಪು ಸಾಕು. ಅದನ್ನು ಅಂಟಿಸದೆ ಬಿಟ್ಟರೆ ಪ್ರತಿ ಬಾಸ್‌ಗೂ ಸಂದಿಯಿಂದ 'ಪುರ್ರ್' ಎಂದು ಗಾಳಿ ಹೊರಡುತ್ತದೆ, ಮನೆಯವರೆಲ್ಲ ಹೊಸ ಐಸಿಯನ್ನೇ ಬೈಯುತ್ತಾರೆ.