ಗುಟ್ಟಿನ ಸಾಧನೆಗೆ ಗುರು ಬೇಕೇ ಬೇಕಾ?

ಪರ: ಪುಸ್ತಕ ನಿಮ್ಮ ಮುಖ ನೋಡುವುದಿಲ್ಲ

ಇಪ್ಪತ್ತಾರನೇ ವಯಸ್ಸಿನಲ್ಲಿ ಪುಸ್ತಕವೊಂದನ್ನು ಇಟ್ಟುಕೊಂಡು ಕುಂಭಕ ಶುರು ಮಾಡಿದೆ. ಉಸಿರು ಹಿಡಿಯುವುದು, ಎಣಿಸುವುದು, ಬಿಡುವುದು. ಎಣಿಕೆ ಜಾಸ್ತಿಯಾದಷ್ಟೂ ಮೇಲೇರುತ್ತಿದ್ದೇನೆ ಅಂದುಕೊಂಡೆ. ಮೂರನೇ ವಾರಕ್ಕೆ ನಿದ್ದೆ ಹೋಯಿತು. ನೆತ್ತಿ ಕಾದ ಹಾಗೆ. ಸುಮ್ನೆ ಕೂತಿದ್ದರೂ ಎದೆ ಡವಡವ. ಪುಸ್ತಕ ತೆರೆದರೆ ಅದರಲ್ಲಿ ಮುಂದಿನ ಪಾಠ ಇತ್ತು, ನನ್ನ ಪಾಡು ಇರಲಿಲ್ಲ.

ಕೊನೆಗೆ ವಯಸ್ಸಾದ ಸಾಧಕರೊಬ್ಬರ ಹತ್ತಿರ ಹೋದೆ. ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಗಲು ನೋಡಿದರು. "ಹೆಗಲು ಕಿವಿ ಮುಟ್ತಾ ಇದೆಯಲ್ಲಪ್ಪ, ಯಾರ ಮೇಲೆ ಈ ಹಟ? ಒಂದು ತಿಂಗಳು ಎಲ್ಲಾ ಬಿಟ್ಟುಬಿಡು" ಅಂದರು. ಬಿಟ್ಟೆ. ನಾಲ್ಕನೇ ರಾತ್ರಿ ನಿದ್ದೆ ಬಂತು.

ತಂತ್ರ ಮಾರ್ಗದಲ್ಲಿ ದೀಕ್ಷೆ ಇಲ್ಲದೆ ಮಂತ್ರ ಕೊಡುವುದಿಲ್ಲ. ಸೂಫಿಗಳಲ್ಲಿ ಮುರೀದ್, ಅಂದರೆ ಶಿಷ್ಯ, ತನ್ನ ಗುರುವಾದ ಮುರ್ಷಿದರ ಕೈ ಹಿಡಿದು ಮಾತು ಕೊಡುತ್ತಾನೆ. ಆ ಗುರುಗಳ ಸಾಲು, ಅಂದರೆ ಸಿಲ್ಸಿಲಾ, ಪ್ರವಾದಿಯವರೆಗೆ ಹೋಗುತ್ತದೆ ಎನ್ನುತ್ತಾರೆ. ಟಿಬೆಟ್ಟಿನಲ್ಲಿ 11ನೇ ಶತಮಾನದ ಬೌದ್ಧ ಗುರು ಮಾರ್ಪನ ಕಥೆಯಿದೆ. ಶಿಷ್ಯ ಮಿಲರೇಪನಿಂದ ಕಲ್ಲಿನ ಗೋಪುರ ಕಟ್ಟಿಸಿದ, ಕೆಡವಿಸಿದ, ಮತ್ತೆ ಕಟ್ಟಿಸಿದ. ಶಿಷ್ಯನ ಬೆನ್ನೆಲ್ಲ ಹುಣ್ಣು. ಕೇಳಿದರೆ ಕ್ರೌರ್ಯ ಅನ್ನಿಸುತ್ತದೆ. ಆದರೆ ಮಿಲರೇಪ ಮಾಟ ಮಾಡಿ ಎಷ್ಟೋ ಜನರನ್ನು ಕೊಂದು ಬಂದಿದ್ದವನು. ಆ ಹೊರೆ ಇಳಿಯಲಿ ಅಂತಲೇ ಮಾರ್ಪ ಕಲ್ಲು ಹೊರಿಸಿದ್ದು. ಯಾರಿಗೆ ಎಷ್ಟು ಕಲ್ಲು ಅಂತ ಪುಸ್ತಕಕ್ಕೆ ಹೇಗೆ ಗೊತ್ತಾಗಬೇಕು?

ಕಳ್ಳ ಗುರುಗಳಿಲ್ವಾ ಅಂತ ಕೇಳುತ್ತಾರೆ. ಇದ್ದಾರೆ. ಕಳ್ಳ ವೈದ್ಯರೂ ಇದ್ದಾರೆ. ಅದಕ್ಕೇ ಕಾಯಿಲೆಗೆ ಮದ್ದೇ ಬೇಡ ಅನ್ನೋಕಾಗುತ್ತಾ? ನನ್ನ ಹೆಗಲು ನೋಡಲು ಒಂದು ಜೊತೆ ಕಣ್ಣು ಬೇಕಿತ್ತು, ಅಷ್ಟೇ.

ವಿರೋಧ: ಗುಟ್ಟಿನಲ್ಲಿ ತಪ್ಪೂ ಅಡಗುತ್ತದೆ

ಈ ಕಡೆಯಿಂದ ಬರೆಯಿರಿ ಎಂದು ಕೇಳಿದರು, ಒಪ್ಪಿಕೊಂಡೆ. ಕಲಿಸುವವರೇ ಬೇಡ ಎನ್ನುವವಳಲ್ಲ ನಾನು. ಧ್ಯಾನಕ್ಕೆ ಹೇಗೆ ಕೂರಬೇಕೆಂದು ನನಗೂ ಒಬ್ಬರು ತೋರಿಸಿಕೊಟ್ಟರು. ಆದರೆ ತೋರಿಸಿಕೊಡುವುದು ಬೇರೆ, ಕಾಲಿಗೆ ಬೀಳಿಸಿಕೊಳ್ಳುವುದು ಬೇರೆ.

ಗುರು ಬೈದರೆ ಅದು ಪರೀಕ್ಷೆ. ಹೊಡೆದರೂ ಪರೀಕ್ಷೆ. ಶಿಷ್ಯ ಎದ್ದು ಹೋದರೆ ಅವನಿಗೆ ಯೋಗ್ಯತೆ ಇಲ್ಲ. ಅಂದರೆ ಗುರು ತಪ್ಪು ಮಾಡಿದ ಅನ್ನೋಕೆ ಜಾಗವೇ ಇಲ್ಲ, ಅಲ್ವಾ? ವಿದ್ಯೆಯನ್ನು ಹೊರಗೆ ಹೇಳಬೇಡ ಎಂದು ಮಾತು ತೆಗೆದುಕೊಂಡ ಮೇಲೆ, ನೋವನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ತತ್ವಚಿಂತಕ ಜಿಡ್ಡು ಕೃಷ್ಣಮೂರ್ತಿಯವರನ್ನು ನೋಡಿ. ಥಿಯೊಸಾಫಿ ಎಂಬ ಆಧ್ಯಾತ್ಮಿಕ ಸಂಸ್ಥೆಯವರು 1909ರಲ್ಲಿ ಚೆನ್ನೈನ ಅಡ್ಯಾರಿನಲ್ಲಿ ಆ ಹುಡುಗನನ್ನು ಗುರುತಿಸಿ, ಜಗದ್ಗುರು ಆಗುವವನು ಎಂದು ಬೆಳೆಸಿದರು. 1911ರಲ್ಲಿ ಅವನ ಸುತ್ತ ಒಂದು ಸಂಘವನ್ನೇ ಕಟ್ಟಿದರು. 1929ರ ಆಗಸ್ಟ್ 3ರಂದು ಹಾಲೆಂಡಿನ ಓಮೆನ್‌ನಲ್ಲಿ, ಕಾದು ಕೂತ ಸಾವಿರಾರು ಜನರ ಎದುರೇ ಕೃಷ್ಣಮೂರ್ತಿ ಆ ಸಂಘವನ್ನು ವಿಸರ್ಜಿಸಿದರು. ನನಗೆ ಹಿಂಬಾಲಕರು ಬೇಡ ಎಂದರು. ಗುರುವಿನ ಪೀಠ ಒಳಗಿನಿಂದ ಹೇಗಿರುತ್ತದೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಇನ್ನು ರಮಣ ಮಹರ್ಷಿಗಳಿಗೆ 1896ರಲ್ಲಿ, 16ನೇ ವಯಸ್ಸಿನಲ್ಲಿ, ಸಾವಿನ ಭಯ ಮೇಲೆರಗಿದಾಗ ಕೋಣೆಯಲ್ಲಿ ಯಾವ ಗುರುವೂ ಇರಲಿಲ್ಲ. ಹುಡುಗ ಕೈಕಾಲು ಬಿಗಿಹಿಡಿದು ಹೆಣದ ಹಾಗೆ ಮಲಗಿದ. ಸಾಯುವುದು ಯಾರು ಎಂದು ತಾನೇ ನೋಡಿಕೊಂಡ.