144ರ ಬೆಣ್ಣೆ

ಮಗನ ಕಂಪ್ಯೂಟರಿನ ಹಳೇ ಮಾನಿಟರ್ ಒಂದು ಸಂಜೆ ಟಪ್ ಅಂತ ಕಣ್ಣು ಮುಚ್ಚಿತು. ಹಗಲು ನನ್ನ ಎಕ್ಸೆಲ್, ರಾತ್ರಿ ಅವನ ಗೇಮ್, ಇಬ್ಬರಿಗೂ ಸೇರಿ ಒಂದೇ ತರೋದು, 12,000 ರೂಪಾಯಿ ದಾಟಬಾರದು ಎಂದು ಹೆಂಡತಿ ಅಡುಗೆಮನೆಯಿಂದಲೇ ಆಜ್ಞೆ ಹೊರಡಿಸಿದಳು.

ಮಗ ಪಾಠ ಶುರು ಮಾಡಿದ. ಐಪಿಎಸ್ ತಗೊಳ್ಳೋಣವಾ, ವಿಎ ತಗೊಳ್ಳೋಣವಾ? ನನಗೆ ಗೊತ್ತಿದ್ದ ಐಪಿಎಸ್ ಪೊಲೀಸ್ ಇಲಾಖೆಯದು. ವಿಎ ಅಂದರೆ ಊರಲ್ಲಿ ಪಹಣಿ ಕೆಲಸಕ್ಕೆ ಹುಡುಕಿ ಹುಡುಕಿ ಸುಸ್ತಾಗಿದ್ದ ವಿಲೇಜ್ ಅಕೌಂಟೆಂಟು. ಇಲ್ಲಿ ಎರಡೂ ಪ್ಯಾನೆಲ್ ಹೆಸರಂತೆ. ವಿಎಯಲ್ಲಿ ಕಪ್ಪು ಚೆನ್ನಾಗಿ ಗಾಢವಾಗಿರುತ್ತದೆ, ಆದರೆ ಅಗ್ಗದ್ದಾದರೆ ಕತ್ತಲ ದೃಶ್ಯ ಜೋರಾಗಿ ಓಡುವಾಗ ಹಿಂದೆ ಬಾಲ ಬಂದ ಹಾಗೆ ಕಲೆಸಿಹೋಗುತ್ತದೆ. ಐಪಿಎಸ್‌ನಲ್ಲಿ ಓರೆಯಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡುವುದಿಲ್ಲ. ಸೋಫಾದ ತುದಿಯಿಂದ ಸೀರಿಯಲ್ ನೋಡುವ ಹೆಂಡತಿಯ ಓಟು ಅದಕ್ಕೇ ಬಿತ್ತು.

ನನಗೆ 27 ಇಂಚಿನ ಆಸೆ. ಅಷ್ಟು ದೊಡ್ಡದಕ್ಕೆ 1920x1080 ಚುಕ್ಕಿಗಳನ್ನೇ ಎಳೆದು ಹರಡಿದರೆ ಎಕ್ಸೆಲ್ ಅಕ್ಷರ ಒರಟಾಗುತ್ತದೆ, 2560x1440 ಬೇಕು ಎಂದ ಮಗ. ಅದಕ್ಕೆ ದುಡ್ಡು ಸಾಲದು. ಹೇಗೂ ಟೇಬಲ್ಲಿನ ಖಾನೆ 25 ಇಂಚು ಅಗಲ ಇತ್ತಲ್ಲ, 24 ಸರಿಯಾಗಿ ಕೂರುತ್ತದೆ ಅಂದುಕೊಂಡೆ.

ಶನಿವಾರ ಎಸ್.ಪಿ. ರೋಡಿಗೆ ಹೋಗಿ, 144 ಹರ್ಟ್ಸಿನದು ಹಿಡಿದು, ಆಟೋ ಹತ್ತಿದೆವು. ಟೌನ್‌ಹಾಲ್‌ನಿಂದ ವಿಜಯನಗರದವರೆಗೂ ಡಬ್ಬ ನನ್ನ ತೊಡೆಯ ಮೇಲೆ. ಗುಂಡಿ ಕಂಡಾಗಲೆಲ್ಲ ಎರಡು ಕೈಯಲ್ಲಿ ಎತ್ತಿ ಹಿಡಿದೆ. “ಮಗನ್ನ ಆಸ್ಪತ್ರೆಯಿಂದ ತಂದ ದಿನ ಇಷ್ಟು ಹುಷಾರಿರಲಿಲ್ಲ ನೀವು,” ಎಂದಳು ಹೆಂಡತಿ.

ಖಾನೆಯಲ್ಲಿ ಇಟ್ಟರೆ ಪಕ್ಕದಲ್ಲಿ ನಾಲ್ಕು ಬೆರಳಿಗೂ ಜಾಸ್ತಿ ಜಾಗ! ಟೇಪು ತಂದು ಪರದೆ ಅಳೆದೆ. 21 ಇಂಚಿಗೂ ಕಾಲಿಂಚು ಕಮ್ಮಿ. ಅಂಗಡಿಗೆ ಫೋನ್ ಮಾಡಿ ಗುಡುಗಿದೆ. ಆತ ತಣ್ಣಗೆ, “ಅಗಲ ಅಲ್ಲ ಸಾರ್, ಮೂಲೆಯಿಂದ ಮೂಲೆಗೆ ಅಳೀರಿ,” ಎಂದ. ಅಳೆದೆ. 23.8. ಉಳಿದ 0.2 ಎಲ್ಲಿ ಅಂತ ಕೇಳುವ ಧೈರ್ಯ ಆಗಲಿಲ್ಲ. ಖಾಲಿ ಜಾಗಕ್ಕೆ ಹೆಂಡತಿ ಮನಿಪ್ಲಾಂಟ್ ತಂದಿಟ್ಟಳು.

ಆಮೇಲೆ ಎರಡು ತಿಂಗಳು ಬರೀ ವರ್ಣನೆ. ಮನೆಗೆ ಬಂದವರನ್ನೆಲ್ಲ ಕೂರಿಸಿ, “ಸೆಕೆಂಡಿಗೆ 144 ಸಲ ಚಿತ್ರ ಬದಲಾಗುತ್ತೆ, ನೋಡಿ ಹೇಗೆ ಜಾರುತ್ತೆ, ಬೆಣ್ಣೆ!” ಎನ್ನುತ್ತಿದ್ದೆ. ಮಗನೂ ಬೆಣ್ಣೆ ಅಂದ. ಭಾವಮೈದನಂತೂ ಕಾಫಿ ಲೋಟ ಹಿಡಿದು, ಹೌದೌದು, ಕಣ್ಣಿಗೇ ಗೊತ್ತಾಗುತ್ತೆ ಭಾವ, ಎಂದ.

ಮೊನ್ನೆ ಮೇಲಿನ ಮನೆಯ ಹುಡುಗ ಬಂದಿದ್ದ. ಮೌಸನ್ನು ಎರಡು ಸುತ್ತು ತಿರುಗಿಸಿದ. ಮುಖ ಒಂದು ತರಾ ಮಾಡಿಕೊಂಡ. ಡಿಸ್‌ಪ್ಲೇ ಸೆಟ್ಟಿಂಗ್ಸ್ ಒಳಗೆ ಹೋಗಿ, ಅಡ್ವಾನ್ಸ್ಡ್ ಒತ್ತಿ, “ಅಂಕಲ್, ಇದು 60ರಲ್ಲೇ ಇದೆ. 144 ನಾವೇ ಆರಿಸಬೇಕು,” ಎಂದ.

ಆರಿಸಿದ. ಬಾಣದ ಗುರುತು ಪರದೆಯ ಮೇಲೆ ಸರ್ರನೆ ಜಾರಿತು. ನಾನೂ ಮಗನೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ.

“ರೀ, ಹಾಗಾದ್ರೆ ಇಷ್ಟು ದಿನ ನೀವು ನೋಡಿದ್ದು ಯಾವ ಬೆಣ್ಣೆ?” ಎಂದಳು ಹೆಂಡತಿ.

ಮಗ ಹೆಡ್‌ಫೋನ್ ಹಾಕಿಕೊಂಡ. ನಾನು ಸುಮ್ನೆ ಎದ್ದು ಮನಿಪ್ಲಾಂಟಿಗೆ ನೀರು ಹಾಕಿದೆ. ಬೆಳಿಗ್ಗೆ ಆಗಲೇ ಒಂದು ಸಲ ಹಾಕಿದ್ದೆ.